ಮನೆ ನೋಡಲು ಬರುವವರು

ಮಾರ್ಚ್ 4, ಬುಧವಾರ

ಚಿನಕುರಳಿ,

ಕೈಯಲ್ಲಿ ಫೋನ್ ಇಟ್ಟುಕೊಂಡು ಅಕ್ಕನಿಗೆ ಇದೇನು ಕಾಗದ ಬರೆಯುವ ಹುಚ್ಚು ಎಂದು ನಗಬೇಡ. ಫೋನಿನಲ್ಲಿ ನಾನು ನಿಟ್ಟುಸಿರು ಬಿಟ್ಟರೂ ನಿನ್ನ ಭಾವನಿಗೆ ಕೇಳಿಸುತ್ತದೆ. ಕಣ್ಣು ಹೋದ ಈ ನಾಲ್ಕು ವರ್ಷದಲ್ಲಿ ಅವರ ಕಿವಿ ಎಷ್ಟು ಚುರುಕಾಗಿದೆ ಎಂದರೆ, ಅಡುಗೆಮನೆಯಲ್ಲಿ ನಾನು ಮುಖ ಗಂಟಿಕ್ಕಿದರೆ ಮುಂದಿನ ಕೋಣೆಯಿಂದ "ಯಾಕೆ, ಏನಾಯ್ತು?" ಅನ್ನುತ್ತಾರೆ. ಅವರಿಗೆ ಗೊತ್ತಾಗದ ಹಾಗೆ ಏನಾದರೂ ಹೇಳಬೇಕಾದರೆ ಈ ಮನೆಯಲ್ಲಿ ಕಾಗದವೊಂದೇ ದಾರಿ. ಬರೆಯುವಾಗ ಕಳ್ಳತನ ಮಾಡಿದ ಹಾಗಾಗುತ್ತದೆ. ಆದರೂ ಬರೆಯುತ್ತೇನೆ. ನೀನೂ ಕಾಗದದಲ್ಲೇ ಉತ್ತರ ಕೊಡು.

ಮನೆಯನ್ನು ಮಾರಾಟಕ್ಕೆ ಸಿಂಗರಿಸಲು ನೀನು ಗೊತ್ತುಮಾಡಿದ ಹೆಂಗಸು ನಿನ್ನೆ ಬಂದಿದ್ದರು. ನಾನು ಅವರಿಗೆ ಅಲಂಕಾರದಮ್ಮ ಎಂದು ಹೆಸರಿಟ್ಟಿದ್ದೇನೆ. ವಯಸ್ಸು ಮೂವತ್ತೈದು ಇರಬಹುದು, ಮಾತು ಮೆತ್ತಗೆ, ಕಣ್ಣು ಮಾತ್ರ ಹದ್ದಿನದು. ಟೇಪು ಹಿಡಿದು ಗೋಡೆ ಅಳೆದರು, ಮೂಲೆಮೂಲೆಯ ಫೋಟೋ ತೆಗೆದರು. ಆಮೇಲೆ ಹೇಳಿದರು: "ಬೇಜಾರು ಮಾಡ್ಕೋಬೇಡಿ. ಈ ಮನೇಲಿ ನೀವಿದ್ದೀರಿ ಅಂತ ಗೊತ್ತಾಗಬಾರದು. ನೋಡೋಕೆ ಬಂದವರಿಗೆ ತಾವೇ ಇಲ್ಲಿ ಇದ್ದೀವಿ ಅನ್ನಿಸ್ಬೇಕು."

ಹಾಗಾಗಿ ಗೋಡೆಯ ಫೋಟೋಗಳು ಹೋಗಬೇಕಂತೆ. ಹಳೆಯ ಕಪಾಟು ಹೋಗಬೇಕು. ಊಟದ ಮೇಜು ದೊಡ್ಡದಾಯಿತು, ಅದೂ ಹೋಗಬೇಕು. ನನ್ನ ಹೊಲಿಗೆ ಮೆಷಿನ್ನೂ ಹೋಗಬೇಕು. ಅದಿದ್ದರೆ ಮನೆ ಅಂಗಡಿಯ ಹಾಗೆ ಕಾಣುತ್ತದಂತೆ.

ನಿನ್ನ ಭಾವ ಕುರ್ಚಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡರು. ಅವರ ದಾರಿ ನಿನಗೆ ಗೊತ್ತಲ್ಲ? ಮೂವತ್ತು ವರ್ಷ ಬಸ್ಸು ಓಡಿಸಿದವರು, ಈಗ ಮನೆಯೊಳಗೇ ರೂಟು ಮಾಡಿಕೊಂಡಿದ್ದಾರೆ. ಮೆಟ್ಟಿಲಿಳಿದರೆ ಬಲಗೈಗೆ ಕಪಾಟು, ಅದು ಒಂದನೇ ಸ್ಟಾಪು. ನನ್ನ ಮೆಷಿನ್ನು ಎರಡನೆಯದು. ಊಟದ ಮೇಜು ಜಂಕ್ಷನ್ನು, ಅಲ್ಲಿಂದ ಎಡಕ್ಕೆ ತಿರುಗಿದರೆ ಅಡುಗೆಮನೆ, ನೇರ ಹೋದರೆ ಬಚ್ಚಲು. ಬಚ್ಚಲು ಮುಟ್ಟಿದ ಕೂಡಲೇ "ಕೊನೇ ಸ್ಟಾಪ್, ಎಲ್ಲಾ ಇಳೀರಪ್ಪ" ಅನ್ನುವುದು ವಾಡಿಕೆ. ಅಲಂಕಾರದಮ್ಮ ಹೋದ ಮೇಲೆ ನಾನು ಕೇಳಿದೆ, "ಏನ್ರೀ, ಎಲ್ಲಾ ತೆಗೆದರೆ ಹೇಗೆ ಓಡಾಡ್ತೀರಿ?" ಅದಕ್ಕೆ ಅವರು, "ರಸ್ತೆ ಅಗೆದಾಗ ಬೇರೆ ದಾರಿಗೆ ತಿರುಗಿಸ್ತಾರಲ್ಲ, ಹಾಗೆ. ಎಷ್ಟು ದಿನ? ಮಾರಾಟ ಆಗೋವರೆಗೆ ತಾನೆ?" ಎಂದರು.

ಇದು ನನಗೆ ಸಮಾಧಾನ ಹೇಳಲು ಆಡಿದ ಮಾತು. ಮಧ್ಯಾಹ್ನವೆಲ್ಲ ಕಪಾಟಿನ ಅಂಚನ್ನು ಸವರುತ್ತ ನಿಂತಿದ್ದರು.

ಅಕ್ಕ


ಮಾರ್ಚ್ 11

ಅಕ್ಕಾ,

ಕಾಗದ ತಲುಪಿತು. ಅಂಚೆಯವನು ನನ್ನ ಹೆಸರು ಕೂಗಿದಾಗ ಲ್ಯಾಬಿನಲ್ಲಿ ಎಲ್ಲರೂ ತಿರುಗಿ ನೋಡಿದರು. ಈ ಕಾಲದಲ್ಲೂ ಕಾಗದ ಬರೆಯುವ ಅಕ್ಕ ಇದ್ದಾಳೆಂದು ನನಗೆ ಜಂಬ.

ಅಲಂಕಾರದಮ್ಮನ ಮಾತು ಕೇಳು. ನನ್ನ ಜೊತೆ ಕೆಲಸ ಮಾಡುವವಳ ಮನೆ ಎಂಟು ತಿಂಗಳು ನೊಣ ಹೊಡೆಯುತ್ತ ಕೂತಿತ್ತು, ಈಕೆ ಕೈ ಹಾಕಿದ ಮೇಲೆ ಎರಡು ವಾರದಲ್ಲಿ ಹೋಯಿತು. ಆಕೆಯ ಖರ್ಚು ನನ್ನದು, ಅದರ ಮಾತೆತ್ತಬೇಡ.

ನಾವು ಇದನ್ನು ಯಾಕೆ ಶುರುಮಾಡಿದೆವು ಎಂದು ಮರೆಯಬೇಡ. ಹದಿನೇಳು ಮೆಟ್ಟಿಲು, ಮೇಲೆ ಮಲಗುವ ಕೋಣೆ, ನಿನ್ನ ಮಂಡಿನೋವು. ಹೋದ ವರ್ಷ ನೀನು ಜ್ವರ ಬಂದು ಮಲಗಿದಾಗ ಭಾವ ಎರಡು ದಿನ ಬ್ರೆಡ್ಡು ತಿಂದುಕೊಂಡಿದ್ದರಲ್ಲ, ನಿಮಗೆ ಮಕ್ಕಳಿಲ್ಲ, ನಾಳೆ ನೀನೇ ಬಿದ್ದರೆ ಎಬ್ಬಿಸುವವರು ಯಾರು? ನಮ್ಮ ಮನೆಯ ಕೆಳಗಿನ ಭಾಗ ನಿಮಗಾಗಿಯೇ ಖಾಲಿ ಬಿದ್ದಿದೆ. ಒಂದೇ ಒಂದು ಮೆಟ್ಟಿಲು, ಅದೂ ಹೊಸ್ತಿಲಿನ ಹತ್ತಿರ. ಮೇಲಿನಿಂದ ನಾನು ಕೂಗಿದರೆ ನಿನಗೆ ಕೇಳುತ್ತದೆ. ಬೆಳಗ್ಗೆ ಕೆಲಸಕ್ಕೆ ಹೋಗುವಾಗ ನಿನ್ನ ಕೈಯ ಕಾಫಿ ಕುಡಿದು ಹೋಗುತ್ತೇನೆ. ಚಿಕ್ಕವರಿದ್ದಾಗ ಜಡೆ ಎಳೆದು ಜಗಳವಾಡುತ್ತಿದ್ದೆವಲ್ಲ, ಅದನ್ನೂ ಮುಂದುವರಿಸಬಹುದು.

ಬೇಗ ಮಾಡು ಅಕ್ಕಾ. ನನಗೆ ದಿನ ಎಣಿಸಿ ಸಾಕಾಗಿದೆ.

ನಿನ್ನ ಚಿನಕುರಳಿ


ಮಾರ್ಚ್ 23, ಸೋಮವಾರ

ಚಿನಕುರಳಿ,

ಸಿಂಗಾರ ಮುಗಿಯಿತು. ನೀನು ಈಗ ಬಂದರೆ ಬಾಗಿಲು ತಪ್ಪಿ ಬೇರೆಯವರ ಮನೆಗೆ ಬಂದೆನೆಂದು ವಾಪಸು ಹೋಗುತ್ತೀಯೆ. ಗೋಡೆಗೆಲ್ಲ ಮೊಟ್ಟೆಯ ಚಿಪ್ಪಿನ ಬಣ್ಣ. ಕಿಟಕಿಯ ಎದುರು ಆಳುದ್ದದ ಕನ್ನಡಿ, ಅದರಿಂದ ಕೋಣೆ ಎರಡರಷ್ಟು ಕಾಣುತ್ತದೆ. ಬಾಡಿಗೆಗೆ ತಂದ ಬಿಳಿ ಸೋಫಾ, ಅದರ ಕಾಲಡಿ ದಪ್ಪ ನೆಲಹಾಸು, ಮಧ್ಯೆ ಗಾಜಿನ ಮೇಜು. ಗಾಜಾದರೆ ಜಾಗ ತಿನ್ನುವುದಿಲ್ಲ, ಇದ್ದೂ ಇಲ್ಲದ ಹಾಗೆ ಎಂದರು ಅಲಂಕಾರದಮ್ಮ. ಮೇಜಿನ ಮೇಲೆ ಬಟ್ಟಲ ತುಂಬ ನಿಂಬೆಹಣ್ಣು. ಅದನ್ನು ಹಿಂಡುವಂತಿಲ್ಲ. ಬಚ್ಚಲಿನಲ್ಲಿ ಮಡಚಿಟ್ಟ ಎರಡು ಬಿಳಿ ಟವೆಲ್ಲು, ಅದರಲ್ಲಿ ಕೈ ಒರೆಸುವಂತಿಲ್ಲ. ಮೇಲಿನ ಮಂಚದಲ್ಲಿ ಏಳು ದಿಂಬುಗಳು. ಮಲಗುವವರು ಇಬ್ಬರು, ದಿಂಬು ಏಳು! ದಿನಾ ಬೆಳಗ್ಗೆ ಅವನ್ನು ಫೋಟೋದಲ್ಲಿ ಇರುವ ಹಾಗೆ ಜೋಡಿಸುವುದು ನನ್ನ ಹೊಸ ಉದ್ಯೋಗ. ಹಳೆಯ ಉದ್ಯೋಗ ಪಕ್ಕದ ಮನೆಯವರ ಗ್ಯಾರೇಜಿನಲ್ಲಿ ಬಟ್ಟೆ ಹೊದ್ದುಕೊಂಡು ಕೂತಿದೆ.

ಮನೆ ಕಟ್ಟಿ ನೋಡು ಎಂದು ಗಾದೆ ಮಾಡಿದವರು ಮನೆ ಮಾರಿ ನೋಡಿರಲಿಲ್ಲವೇನೋ.

ನಿನ್ನ ಭಾವ ಚೆನ್ನಾಗಿದ್ದಾರೆ. ಗಾಜಿನ ಮೇಜಿಗೆ ಮೊಣಕಾಲು ತಗುಲಿ ಸ್ವಲ್ಪ ತರಚಿತು, ಅಷ್ಟೆ. "ದೀಪ ಎಲ್ಲಾ ಹಾಕಿದ್ದಾರಂತಲ್ಲ, ಎಷ್ಟು?" ಎಂದು ಕೇಳಿದರು. ಹನ್ನೊಂದು ಎಂದೆ. "ಹನ್ನೊಂದಾ? ಹಾಗಾದ್ರೆ ನನಗೂ ಸ್ವಲ್ಪ ಕಾಣಬೇಕಿತ್ತಲ್ಲೇ!" ಎಂದು ನಕ್ಕರು. ನಾನೂ ನಕ್ಕೆ.

ನೋಡುವವರು ಬರುವಾಗ ನಾವು ಮನೆಯಲ್ಲಿ ಇರಬಾರದು. ಇದು ದಲ್ಲಾಳಿಯ ಕಟ್ಟಪ್ಪಣೆ. ಕಾಯಿಲೆಯವರನ್ನು ಕಂಡರೆ ಜನ ಮನೆಗೇ ಏನೋ ದೋಷ ಅಂದುಕೊಳ್ಳುತ್ತಾರಂತೆ. "ನನಗೆ ಕಾಯಿಲೆ ಇಲ್ಲ, ಕಣ್ಣಿಲ್ಲ ಅಷ್ಟೆ" ಎಂದು ನಿನ್ನ ಭಾವ ಹೇಳಿದ್ದು ಅವನ ಕಿವಿಗೆ ಬೀಳಲಿಲ್ಲ. ಹಾಗಾಗಿ ನಿನ್ನೆ ಭಾನುವಾರ ಊರು ಸುತ್ತುವ ಬಸ್ಸು ಹತ್ತಿ ಎರಡು ಸುತ್ತು ಹೊಡೆದೆವು. ಅವರಿಗೆ ಎಲ್ಲಿಲ್ಲದ ಖುಷಿ. ಪ್ರತಿ ತಿರುವೂ ಗೊತ್ತು. "ಈಗ ಆಸ್ಪತ್ರೆ. ಈಗ ಗೋದಾಮು. ನೋಡು, ಈ ಪುಣ್ಯಾತ್ಮ ಕ್ಲಚ್ ಮೇಲಿಂದ ಕಾಲೇ ತೆಗೀತಿಲ್ಲ" ಎಂದು ಡ್ರೈವರಿಗೆ ಕೇಳುವಂತೆ ಹೇಳಿದರು. ನನಗೆ ನಾಚಿಕೆಯಾಯಿತು.

ಈಗ ಒಂದು ಕೆಲಸ ಮಾಡು. ನಿಮ್ಮ ಕೆಳಗಿನ ಭಾಗದಲ್ಲಿ ಕಣ್ಣು ಮುಚ್ಚಿಕೊಂಡು ನಡೆದು ಹೆಜ್ಜೆ ಎಣಿಸು. ಬಾಗಿಲಿನಿಂದ ಬಚ್ಚಲಿಗೆ ಎಷ್ಟು, ಮಲಗುವ ಕೋಣೆಯಿಂದ ಅಡುಗೆಮನೆಗೆ ಎಷ್ಟು, ಗೋಡೆ ಯಾವ ಕೈಗೆ ಸಿಗುತ್ತದೆ, ಎಲ್ಲ ಬರೆ. ಇಲ್ಲಿಂದಲೇ ಕಲಿತುಕೊಂಡು ಹೋಗುತ್ತೇನೆ ಅನ್ನುತ್ತಾರೆ.

ಅಕ್ಕ


ಮಾರ್ಚ್ 30

ಅಕ್ಕಾ,

ಕಣ್ಣಿಗೆ ದುಪಟ್ಟಾ ಕಟ್ಟಿಕೊಂಡು ನಡೆದೆ. ಎರಡು ಸಲ ಗೋಡೆಗೆ ಢಿಕ್ಕಿ. ಭಾವನಿಗೆ ಓದಿ ಹೇಳು.

ಹೊಸ್ತಿಲು ದಾಟಿ ಆರು ಹೆಜ್ಜೆಗೆ ಮುಂದಿನ ಕೋಣೆ ಮುಗಿಯುತ್ತದೆ. ಎಡಗೈಗೆ ಗೋಡೆ ಹಿಡಿದು ನಾಲ್ಕು ಹೆಜ್ಜೆ ಹೋದರೆ ಮಲಗುವ ಕೋಣೆಯ ಬಾಗಿಲು. ಅಲ್ಲಿಂದ ಮತ್ತೆ ಐದಕ್ಕೆ ಬಚ್ಚಲು, ಬಾಗಿಲು ಒಳಕ್ಕೆ ತೆರೆಯುತ್ತದೆ. ಅಡುಗೆಮನೆ ಬಲಕ್ಕೆ, ಏಳು ಹೆಜ್ಜೆ. ಹಿಂದಿನ ಬಾಗಿಲು ತೆಗೆದರೆ ಮೂರು ಹೆಜ್ಜೆಗೆ ಒಂದು ಕಟ್ಟೆ, ಬೆಳಗಿನ ಬಿಸಿಲು ಬೀಳುತ್ತದೆ. ಕೂರಲು ಚೆನ್ನ. ನನ್ನ ಹೆಜ್ಜೆ ಚಿಕ್ಕದು, ಭಾವ ಲೆಕ್ಕ ಸರಿಮಾಡಿಕೊಳ್ಳಲಿ.

ನಾನು ಹೀಗೆ ನಡೆಯುವಾಗ ನಮ್ಮವರು ಮೇಲಿನ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರು. ನಗಬಹುದು ಅಂದುಕೊಂಡೆ. ನಗಲಿಲ್ಲ, ತಿರುಗಿ ಒಳಗೆ ಹೋದರು.

ಮೊಣಕಾಲಿನ ಗಾಯ ಒಣಗಿತೇ? ತರಚಿದ್ದು ಎಂದರೆ ಎಷ್ಟು? ನೀನು ಯಾವಾಗಲೂ ಗುಡ್ಡವನ್ನು ಸಾಸಿವೆ ಮಾಡಿ ಹೇಳುವವಳು.

ಚಿನಕುರಳಿ


ಏಪ್ರಿಲ್ 8, ಬುಧವಾರ

ಚಿನಕುರಳಿ,

ನಿನ್ನ ಹೆಜ್ಜೆಗಳು ನಿನ್ನ ಭಾವನಿಗೆ ಬಾಯಿಪಾಠವಾಗಿವೆ. ಬೆಳಗ್ಗೆ ಎದ್ದು ಮಂಚದ ಅಂಚಿನಲ್ಲಿ ಕೂತು, ಬೆರಳು ಮಡಚುತ್ತ, "ಆರು, ಎಡಗೈ, ನಾಲ್ಕು, ಐದು, ಬಾಗಿಲು ಒಳಕ್ಕೆ" ಎಂದು ಹೇಳಿಕೊಳ್ಳುತ್ತಾರೆ. ಈ ಮನೆಯಲ್ಲಿ ಓಡಾಡುವುದನ್ನು ಬಿಟ್ಟೇಬಿಟ್ಟಿದ್ದಾರೆ. ನಾನು ಕೈ ಹಿಡಿದು ಕೂರಿಸಿದ ಕಡೆ ಕೂರುತ್ತಾರೆ, ಕರೆದಾಗ ಏಳುತ್ತಾರೆ. ಸ್ಟಾಪುಗಳ ಹೆಸರು ಕೂಗುವುದು ನಿಂತಿದೆ.

ಗಾಯದಲ್ಲಿ ಈಗ ಏನೂ ಇಲ್ಲ.

ಹೋದ ಗುರುವಾರ ಒಬ್ಬರು ಹೇಳದೆ ಕೇಳದೆ ಮನೆ ನೋಡಲು ಬಂದುಬಿಟ್ಟರು. ನಮಗೆ ಹೊರಡಲು ಹೊತ್ತು ಸಿಗಲಿಲ್ಲ. ಆ ದಿನ ಸ್ವಲ್ಪ ತೊಂದರೆಯಾಯಿತು. ಬಿಡು, ಆದದ್ದಾಯಿತು.

ನೀನು ಅಲಂಕಾರದಮ್ಮನಿಗೆ ಒಂದು ಮಾತು ಹೇಳಿ ಆ ಗಾಜಿನ ಮೇಜನ್ನಾದರೂ ತೆಗೆಸಬಹುದೇ? ನಾನು ಕೇಳಿದರೆ, ನೀನು ದುಡ್ಡು ಕೊಟ್ಟು ಮಾಡಿಸಿದ್ದಕ್ಕೆ ನಾನು ಕೊಂಕು ತೆಗೆದ ಹಾಗಾಗುತ್ತದೆ.

ಅಕ್ಕ


ಏಪ್ರಿಲ್ 15

ಅಕ್ಕಾ,

ಮೇಜು ಮಾತ್ರ ಯಾಕೆ, ಎಲ್ಲವನ್ನೂ ತೆಗೆಸಿಬಿಡು. ಕಪಾಟು, ಮೆಷಿನ್ನು ಎಲ್ಲ ಮೊದಲಿದ್ದ ಕಡೆಗೇ ಬರಲಿ. ಅವಸರವೇನಿದೆ? ಈ ವರ್ಷ ಕಳೆಯಲಿ. ಮನೆಯ ಬೆಲೆ ಏರುವ ಕಾಲವಂತೆ, ಈಗ ಮಾರಿದರೆ ನಷ್ಟ ಎಂದು ಯಾರೋ ಹೇಳುತ್ತಿದ್ದರು. ಭಾವನಿಗೂ ಅಲ್ಲಿ ರೂಢಿಯಾಗಿದೆ. ಯೋಚಿಸು.

ಇಲ್ಲಿ ಕೆಳಗೆ ಪೇಂಟಿಂಗ್ ನಡೆಯುತ್ತಿದೆ, ಮನೆಯೆಲ್ಲ ವಾಸನೆ. ತಲೆನೋವು. ಹೆಚ್ಚು ಬರೆಯಲಾರೆ.

ಚಿನಕುರಳಿ


ಏಪ್ರಿಲ್ 22, ಬುಧವಾರ

ಚಿನಕುರಳಿ,

ನಿನ್ನ ಕಾಗದ ಓದಿ ಮೊದಲು ಸಿಟ್ಟು ಬಂತು. ಬೇಗ ಮಾಡು ಎಂದವಳೂ ನೀನೇ, ಅವಸರವೇನು ಎನ್ನುವವಳೂ ನೀನೇ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಎರಡು ಸಾಲು ಗೀಚಿ ಕಳಿಸಿದ್ದೀಯೆ. ಆಮೇಲೆ ಅರ್ಥವಾಯಿತು. ನಾನು ಏನೋ ಮುಚ್ಚಿಡುತ್ತಿದ್ದೇನೆಂದು ನಿನಗೆ ಗೊತ್ತಾಗಿದೆ, ನನ್ನ ಕಷ್ಟ ನೋಡಲಾರದೆ ಹೀಗೆ ಬರೆದಿದ್ದೀಯೆ. ಹಾಗಾದರೆ ಕೇಳು, ಎಲ್ಲ ಹೇಳಿಬಿಡುತ್ತೇನೆ.

ಅವರ ಕಾಲು ತರಚಿದ್ದಲ್ಲ. ಏಳು ಹೊಲಿಗೆ ಬಿದ್ದವು. ಗಾಜಿನ ಅಂಚು ಕತ್ತಿಯ ಹಾಗಿತ್ತು. ಆ ದಿನ ನೆಲಹಾಸನ್ನು ನಾನು ಮೂರು ಸಲ ತೊಳೆದೆ.

ಆ ಗುರುವಾರ ದಲ್ಲಾಳಿ ಬಾಗಿಲಲ್ಲಿ ನಿಂತೇ ಫೋನ್ ಮಾಡಿದ. "ಪಾರ್ಟಿ ಜೊತೇಲೇ ಇದ್ದಾರೆ, ಯಜಮಾನರನ್ನ ಸೋಫಾದಲ್ಲಿ ಕೂರಿಸಿ ಕೈಗೊಂದು ಪೇಪರ್ ಕೊಡಿ. ಏಳೋದು ಬೇಡ, ಗೊತ್ತಾಗೋದು ಬೇಡ." ನಾನು ಹಾಗೇ ಮಾಡಿದೆ. ನಾನೇ ಮಾಡಿದೆ, ನೋಡು. ಗಂಡನ ಕೈಗೆ ಪೇಪರ್ ಕೊಟ್ಟು, ಅವರ ಬೆರಳುಗಳನ್ನು ಎರಡೂ ಅಂಚಿಗೆ ಹಿಡಿಸಿ, ಅವರ ಕಾಲರು ಸರಿಮಾಡಿದೆ. ಹತ್ತು ನಿಮಿಷದ ಕೆಲಸ ಎಂದಿದ್ದ ಅವನು. ಬಂದವರು ಒಂದೂವರೆ ಗಂಟೆ ಕೂತರು. ಅಡುಗೆಮನೆಯ ಗೂಡುಗಳ ಬಾಗಿಲು ಎಣಿಸಿದರು, ನಲ್ಲಿ ತಿರುಗಿಸಿದರು. ಅವರಲ್ಲಿ ಒಬ್ಬರು ಗೋಡೆ ತೋರಿಸಿ, "ಈ ಬಣ್ಣ ನಿಮ್ಮ ಆಯ್ಕೇನಾ ಸಾರ್?" ಎಂದು ಕೇಳಿದರು. "ಬಣ್ಣದ ವಿಷಯ ಎಲ್ಲ ನನ್ನ ಹೆಂಡತಿದು. ನಾನು ಅದರಲ್ಲಿ ಕಣ್ಣು ಹಾಕಲ್ಲ" ಎಂದರು ನಿನ್ನ ಭಾವ. ಎಲ್ಲರೂ ನಕ್ಕರು. ದಲ್ಲಾಳಿಯಂತೂ ಹೊಟ್ಟೆ ಹಿಡಿದುಕೊಂಡು ನಕ್ಕ.

ಅವರು ಮೇಲೆ ಹೋದಾಗ ನಿನ್ನ ಭಾವ ಪೇಪರಿನ ಹಿಂದಿನಿಂದ ಮೆಲ್ಲಗೆ, "ಬಚ್ಚಲಿಗೆ ಹೋಗ್ಬೇಕು ಕಣೇ" ಎಂದರು. ಕೈ ಹಿಡಿದು ಕರೆದೊಯ್ದರೆ ಮೆಟ್ಟಿಲ ಮೇಲಿಂದ ಕಾಣುತ್ತದೆ. "ಇನ್ನೇನು ಹೋಗ್ತಾರೆ, ಒಂದೈದು ನಿಮಿಷ" ಎಂದೆ. ಅವರು ತಲೆಯಾಡಿಸಿದರು. ಎರಡನೆಯ ಸಲ ಕೇಳಲಿಲ್ಲ. ಬಂದವರು ಕೆಳಗಿಳಿದು ಮತ್ತೆ ಮಾತಿಗೆ ನಿಂತರು. ಅವರು ಹೋಗಿ, ನಾನು ಬಾಗಿಲು ಹಾಕಿ ತಿರುಗುವಷ್ಟರಲ್ಲಿ ಬಿಳಿ ಸೋಫಾ ಒದ್ದೆಯಾಗಿತ್ತು. ನಿನ್ನ ಭಾವ ಪೇಪರನ್ನು ಹಾಗೇ ಹಿಡಿದುಕೊಂಡು ಕೂತಿದ್ದರು. ಕೆಳಗೆ ಇಳಿಸಲೇ ಇಲ್ಲ. ನಾನೇ ಬಿಡಿಸಬೇಕಾಯಿತು.

ಮರುದಿನ ಅಲಂಕಾರದಮ್ಮ ಬಂದು ನೋಡಿದರು. ಏನೆಂದು ಕೇಳಲಿಲ್ಲ. ಮೆತ್ತೆಯನ್ನು ಮಗುಚಿ ಹಾಕಿ, ಅದರ ಮೇಲೆ ಒಂದು ದಿಂಬು ಇಟ್ಟು, ಅಡುಗೆಮನೆಗೆ ಬಂದು ನನ್ನ ಪಕ್ಕ ಸುಮ್ಮನೆ ನಿಂತುಕೊಂಡರು. ಹೋದ ವಾರ ಮತ್ತೆ ಬಂದು, ಮೇಜು ತೆಗೆಯುತ್ತೇನೆ ಎಂದರು. ನಾನು ಬೇಡ ಎಂದೆ, ಏಕೆಂದರೆ ಅಷ್ಟು ಹೊತ್ತಿಗೆ ಒಂದು ಜೋಡಿಗೆ ಮನೆ ಒಪ್ಪಿಗೆಯಾಗಿತ್ತು. ಮದುವೆಯಾಗಿ ವರ್ಷವಾಗದ ಗಂಡಹೆಂಡತಿ. ಆ ಹುಡುಗಿ ಗಾಜಿನ ಮೇಜನ್ನು ಮುಟ್ಟಿ ಮುಟ್ಟಿ, "ಇದೂ ಬರುತ್ತಾ?" ಎಂದು ಕೇಳಿದಳು. ಎಲ್ಲವನ್ನೂ ಇದ್ದ ಹಾಗೇ ಕೊಳ್ಳುತ್ತಾರಂತೆ, ದಿಂಬು ಸಮೇತ.

ಹಾಗಾಗಿ ನೀನು ನನಗೆ ಮರುಗಿ ಕಾಯಲು ಹೇಳಬೇಡ. ಇನ್ನೊಂದು ಗುರುವಾರ ನನ್ನಿಂದಾಗದು. ಬರುವ ಬುಧವಾರ, 29ಕ್ಕೆ, ರಿಜಿಸ್ಟ್ರಿ. ಮೇ ತಿಂಗಳ ಕೊನೆಗೆ ಮನೆ ಬಿಟ್ಟುಕೊಡಬೇಕು.

ಕೆಳಗೆ ಪೇಂಟಿಂಗ್ ನಡೆಯುತ್ತಿದೆ ಎಂದು ನಿನ್ನ ಭಾವನಿಗೆ ಹೇಳಿದೆ. "ನಮಗೋಸ್ಕರ ಬಣ್ಣ ಬೇರೆ ಹೊಡೆಸ್ತಿದ್ದಾಳಾ? ನನಗೇನು ಕಾಣುತ್ತೆ ಅಂತ!" ಎಂದರು. ಎಷ್ಟೋ ದಿನದ ಮೇಲೆ ಅವರ ಮುಖದಲ್ಲಿ ನಗು ಕಂಡೆ. ನಿಮ್ಮ ಯಜಮಾನರಿಗೆ ನನ್ನ ಕೃತಜ್ಞತೆ ಹೇಳು.

ಅಕ್ಕ


ಏಪ್ರಿಲ್ 27

ಅಕ್ಕಾ,

ಇದನ್ನು ಯಾವ ಬಾಯಿಂದ ಹೇಳಲಿ. ಕೆಳಗಿನ ಭಾಗ ನಿಮಗಿಲ್ಲ.

ಪೇಂಟಿಂಗ್ ನಿಮಗಾಗಿ ನಡೆದದ್ದಲ್ಲ. ಒಬ್ಬ ಹಲ್ಲಿನ ಡಾಕ್ಟರಿಗೆ ಕ್ಲಿನಿಕ್ ಮಾಡಲು ಕೊಟ್ಟಿದ್ದಾರೆ. ನನಗೆ ಗೊತ್ತಾದದ್ದು ಏಪ್ರಿಲ್ ಹತ್ತರಂದು, ಬಾಗಿಲಿಗೆ ಬೋರ್ಡಿನ ಅಳತೆ ತೆಗೆಯಲು ಜನ ಬಂದಾಗ. ಮೇಲೆ ಹೋಗಿ ಕೇಳಿದೆ. ನಮ್ಮವರು ಟಿವಿ ಸದ್ದು ಕಡಿಮೆ ಮಾಡಿ ನಿಧಾನವಾಗಿ ಹೇಳಿದರು: "ಅವರು ಬಂದ್ರೆ ನಾಲ್ಕು ದಿನಕ್ಕೆ ಬರೋರಲ್ಲ, ಇಲ್ಲೇ ಸಾಯೋವರೆಗೆ. ನಿನ್ನ ಅಕ್ಕನಿಗೂ ಆಗದೇ ಹೋದ ದಿನ ಇಬ್ಬರನ್ನೂ ನೋಡ್ಕೊಳ್ಳೋರು ಯಾರು? ನೀನು ಕಣ್ಣು ಕಟ್ಟಿಕೊಂಡು ಓಡಾಡೋದು ನೋಡಿ ನನಗೆ ಭಯ ಆಯ್ತು. ನಿನ್ನ ಹತ್ರ ಹೇಳೋ ಧೈರ್ಯ ಇರಲಿಲ್ಲ. ಅದಕ್ಕೇ ಮೊದಲು ಕೊಟ್ಟೆ." ಕೂಗಾಡಿದೆ, ಊಟ ಬಿಟ್ಟೆ, ಡಾಕ್ಟರ ಹತ್ತಿರ ನಾನೇ ಹೋಗಿ ಬೇಡಿಕೊಂಡೆ. ಅವರು ಕುರ್ಚಿ, ಯಂತ್ರ ಎಲ್ಲ ತರಿಸಿಯಾಗಿದೆ ಎಂದರು. ಮನೆ ನಮ್ಮವರ ಹೆಸರಿನಲ್ಲಿದೆ ಅಕ್ಕಾ. ಇಪ್ಪತ್ತೆರಡು ವರ್ಷದಿಂದ ನಮ್ಮ ಮನೆ, ನಮ್ಮ ಮನೆ ಅನ್ನುತ್ತಿದ್ದೆ.

ಏನಾದರೂ ಮಾಡಿ ತಪ್ಪಿಸುತ್ತೇನೆ ಅಂದುಕೊಂಡು ನಿನಗೆ ಹೇಳಲಿಲ್ಲ. ಕಾಯಲು ಬರೆದೆ. ನೀನು ಅದನ್ನು ಪ್ರೀತಿ ಅಂದುಕೊಂಡೆ.

ನಿನ್ನ ಕಾಗದ ಬಂದ ದಿನವೇ, ಶನಿವಾರ, ಫೋನ್ ಮಾಡಿದೆ. ನಿಮ್ಮಿಬ್ಬರಿಗೂ ಇರುವುದು ಒಂದೇ ಫೋನ್, ಭಾವ ಎತ್ತಿದರು. ನೀನು ದಲ್ಲಾಳಿಯ ಆಫೀಸಿಗೆ ಹೋಗಿದ್ದೆಯಂತೆ. ನಾನು ಬಾಯಿ ತೆರೆಯುವ ಮೊದಲೇ, "ಪರೀಕ್ಷೆ ಮಾಡು ನೋಡೋಣ" ಎಂದು ಎಲ್ಲವನ್ನೂ ಒಪ್ಪಿಸಿದರು. ಕೊನೆಯಲ್ಲಿ, "ಕಟ್ಟೆಗೆ ಮೂರು ಅಂದಿದ್ದೀಯ, ನಿನ್ನ ಮೂರು ಅಂದ್ರೆ ನನಗೆ ಎರಡು, ಸರಿ ತಾನೆ?" ಎಂದರು. ನಾನು "ಸರಿ ಭಾವ" ಎಂದು ಫೋನ್ ಇಟ್ಟೆ. ಮತ್ತೆ ಮಾಡಲು ಕೈ ಬರಲಿಲ್ಲ. ಮತ್ತೆ ಅವರೇ ಎತ್ತಿದರೆ?

ಸಹಿ ಹಾಕಬೇಡ ಅಕ್ಕಾ. ಈ ಕಾಗದ ಬುಧವಾರದೊಳಗೆ ಸಿಗಲಿ ಎಂದು ತುರ್ತು ಅಂಚೆಯಲ್ಲಿ ಹಾಕುತ್ತಿದ್ದೇನೆ.


ಮೇ 4, ಸೋಮವಾರ

ನಿನ್ನ ಕಾಗದ ಗುರುವಾರ ತಲುಪಿತು. ಸಹಿ ಬುಧವಾರ ಆಯಿತು.

ದಲ್ಲಾಳಿಯನ್ನು ಕೇಳಿದೆ, ಆ ಜೋಡಿಯನ್ನು ಕೇಳಿದೆ. ಹುಡುಗಿ ಅತ್ತಳು, ಆದರೆ ಅವರು ತಮ್ಮ ಬಾಡಿಗೆ ಮನೆ ಬಿಡುತ್ತೇವೆಂದು ಹೇಳಿಯಾಗಿದೆ. ಅವರದೂ ತಪ್ಪಲ್ಲ.

ಶನಿವಾರ ಫೋನ್ ಮಾಡಿದ್ದೆಯಲ್ಲ, "ಚಿನಕುರಳಿ ಸುಮ್ನೆ ಮಾಡಿದ್ಲು, ಮಾತೇ ಇರಲಿಲ್ಲ ಅವಳ ಹತ್ರ" ಎಂದು ನಿನ್ನ ಭಾವ ಹೇಳಿದರು. ಆಗಲಾದರೂ ನನಗೆ ಅನುಮಾನ ಬರಬೇಕಿತ್ತು. ನಿನ್ನ ಹತ್ತಿರ ಮಾತೇ ಇಲ್ಲದ ದಿನ ಯಾವುದಿತ್ತು? ಕಾಗದದಲ್ಲೇ ಬರೆ ಎಂದವಳೂ ನಾನೇ. ಯಾರನ್ನು ಅನ್ನಲಿ.

ಅವರಿಗೆ ಇನ್ನೂ ಹೇಳಿಲ್ಲ. ಈಗಲೂ ಬೆಳಗ್ಗೆ ಎದ್ದು ಬೆರಳು ಮಡಚುತ್ತಾರೆ.

ಉತ್ತರ ಬರೆಯಬೇಡ. ಬಂದರೆ ಒಡೆಯಲು ನನಗೆ ಧೈರ್ಯವಿಲ್ಲ.


ಮೇ 19

ಅಕ್ಕಾ, ಬರೆಯಬೇಡ ಎಂದರೂ ಬರೆಯುತ್ತಿದ್ದೇನೆ. ಇಲ್ಲಿ ನಮ್ಮ ಬೀದಿಯ ಸುತ್ತ ಹನ್ನೆರಡು ಮನೆ ನೋಡಿದೆ. ಕೆಳಗಿನ ಮನೆ ಎಲ್ಲೂ ಸಿಗಲಿಲ್ಲ. ಒಂದು ಸಿಕ್ಕಿತ್ತು, ಕಣ್ಣು ಕಾಣದವರಿದ್ದಾರೆ ಎಂದ ಕೂಡಲೇ, "ಗ್ಯಾಸ್ ಒಲೆ ಇರುತ್ತಲ್ಲಮ್ಮ, ನಮಗೆ ಭಯ" ಎಂದರು. ನಮ್ಮವರು ನೀವು ಎರಡು ವಾರ ಬಂದಿರಲಿ ಎನ್ನುತ್ತಾರೆ. ಎರಡು ವಾರ ಎಂದು ಬರೆಯಲು ನನಗೆ ನಾಚಿಕೆಯಾಗುತ್ತದೆ.

ನಾನು ಕೆಲಸಕ್ಕೆ ಹೋಗುವಾಗ ಕ್ಲಿನಿಕ್ಕಿನ ಮುಂದೆಯೇ ಇಳಿದು ಹೋಗಬೇಕು. ಆ ಡಾಕ್ಟರು ಒಳ್ಳೆಯ ಮನುಷ್ಯ, ದಿನಾ ನಮಸ್ಕಾರ ಅನ್ನುತ್ತಾರೆ.

ಭಾವನಿಗೆ ಹೇಳಿದೆಯಾ? ಏನಂದರು? ಒಂದೇ ಒಂದು ಸಾಲು ಬರೆ. ಬೈದಾದರೂ ಬರೆ.


ಜೂನ್ 9, ಮಂಗಳವಾರ

ಚಿನಕುರಳಿ,

ಹೇಳಿದೆ. ನೀನು ಈ ಕೊನೆಯ ಕಾಗದ ಬರೆಯುವ ಎರಡು ದಿನ ಮೊದಲು, ಭಾನುವಾರ. ಮನೆಯಲ್ಲಿ ಹೇಳಲು ಬಾಯಿ ಬರಲಿಲ್ಲ, ನೋಡುವವರು ಯಾರೂ ಇಲ್ಲದಿದ್ದರೂ ಬಸ್ಸಿಗೆ ಕರೆದುಕೊಂಡು ಹೋದೆ. ಆಸ್ಪತ್ರೆಯ ತಿರುವು ದಾಟಿದ ಮೇಲೆ ಹೇಳಿದೆ, "ಚಿನಕುರಳಿ ಮನೆಗೆ ನಾವು ಹೋಗೋಕಾಗಲ್ಲ ಕಣ್ರೀ. ಆ ಜಾಗ ಬೇರೆಯವರಿಗೆ ಹೋಯ್ತು."

ಮೂರು ಸ್ಟಾಪು ಹೋದವು. ಆಮೇಲೆ ಕೇಳಿದರು, "ನಿನಗೆ ಯಾವಾಗ ಗೊತ್ತಾಯ್ತು?"

"ರಿಜಿಸ್ಟ್ರಿ ಆದ ಮಾರನೇ ದಿನ."

"ಅಂದ್ರೆ ಹದಿನೇಳು ದಿನ ಆಯ್ತು." ಬೆರಳಿನಲ್ಲಿ ಎಣಿಸಿಯೇ ಹೇಳಿದರು. "ಹದಿನೇಳು ದಿನ ನಾನು ಬೆಳಗ್ಗೆ ಎದ್ದು ಆ ಮನೇಲಿ ಓಡಾಡ್ತಿದ್ದೆ. ನೀನು ನೋಡ್ಕೊಂಡು ಕೂತಿದ್ದೆ."

"ಬೈರಿ" ಎಂದೆ.

"ಯಾರನ್ನ? ನಿನ್ನನ್ನೋ, ಅವಳನ್ನೋ? ಯಾರನ್ನಾದ್ರೂ ಬೈಯೋಣ ಅಂದ್ರೆ ಸರಿಯಾಗಿ ಒಬ್ಬರೂ ಸಿಗ್ತಿಲ್ವಲ್ಲೇ."

ಅಷ್ಟೇ. ನಿನ್ನ ಮೇಲೆ ಅವರಿಗೆ ಸಿಟ್ಟಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು. ಆ ದಿನದಿಂದ ಬೆರಳು ಮಡಚುವುದು ನಿಂತಿದೆ. ಬೆಳಗ್ಗೆ ಎದ್ದು ಕೂರುತ್ತಾರೆ, ನಾನು ಬಂದು ಕೈ ಹಿಡಿಯುವವರೆಗೆ ಕಾಲನ್ನು ನೆಲಕ್ಕೆ ಇಳಿಸುವುದಿಲ್ಲ.

ನಮಗೂ ಇಲ್ಲಿ ನಿನಗೆ ಆದ ಹಾಗೇ ಆಯಿತು. ಯಾವ ಮನೆಗೆ ಹೋದರೂ ಗ್ಯಾಸ್ ಒಲೆಯ ಮಾತು. ಕೊನೆಗೆ ಜಾಗ ಹುಡುಕಿಕೊಟ್ಟವರು ಅಲಂಕಾರದಮ್ಮ. ಒಂದು ಇಸ್ತ್ರಿ ಅಂಗಡಿಯ ಹಿಂದೆ ಎರಡು ಕೋಣೆ. ಕೆಳಗೇ ಇದೆ, ಮೆಟ್ಟಿಲಿಲ್ಲ. ಗೋಡೆಗೆ ಕೈ ಇಟ್ಟರೆ ಬಿಸಿ ತಾಗುತ್ತದೆ. ಬೆಳಕು ಕಡಿಮೆ. ಅದರಿಂದ ನನಗೆ ಸೂಜಿಗೆ ದಾರ ಪೋಣಿಸಲು ಕಷ್ಟವೇ ಹೊರತು ಅವರಿಗೇನೂ ಇಲ್ಲ.

ಮೇ 31ರ ಭಾನುವಾರ ಸಾಮಾನು ಬಂತು. ಕಪಾಟು, ಮೆಷಿನ್ನು, ಮಂಚ, ಎರಡು ಕುರ್ಚಿ. ಊಟದ ಮೇಜು ಬಾಗಿಲಿನಲ್ಲಿ ಹಿಡಿಸಲಿಲ್ಲ, ಅದನ್ನು ಅಂಗಡಿಯವರಿಗೇ ಕೊಟ್ಟೆ, ಅದರ ಮೇಲೆ ಬಟ್ಟೆ ಮಡಚುತ್ತಾರೆ. ಉಳಿದದ್ದೆಲ್ಲ ಮಧ್ಯದಲ್ಲಿ ರಾಶಿ ಬಿದ್ದಿತ್ತು. ಯಾವುದನ್ನು ಎಲ್ಲಿಡಬೇಕೆಂದು ಗೊತ್ತಾಗದೆ ನಾನು ಕೈ ಚೆಲ್ಲಿ ನಿಂತಿದ್ದೆ. ಆಗ ಅಲಂಕಾರದಮ್ಮ ತಾವಾಗಿಯೇ ಬಂದರು. ಟೇಪಿರಲಿಲ್ಲ, ಫೋಟೋ ತೆಗೆಯಲಿಲ್ಲ. ಕೂದಲು ಮೇಲಕ್ಕೆ ಕಟ್ಟಿ, ಚಪ್ಪಲಿ ಬಿಟ್ಟು, ನಿನ್ನ ಭಾವನ ಮುಂದೆ ನೆಲದ ಮೇಲೆ ಕೂತು, "ಸಾರ್, ಈ ಸಲ ನೀವು ಹೇಳಿ. ನೀವು ಹೇಳಿದ ಕಡೆ ಇಡ್ತೀನಿ" ಎಂದರು.

ನಿನ್ನ ಭಾವ ಕೈ ಚಾಚಿ ಗೋಡೆ ಮುಟ್ಟಿ ನೋಡಿದರು. ಆಮೇಲೆ ಹೇಳಿದರು, "ಎಲ್ಲಾದ್ರೂ ಇಡಿ ತಾಯಿ. ನಿಮಗೆ ಹೇಗೆ ಚೆನ್ನಾಗಿ ಕಾಣುತ್ತೋ ಹಾಗೇ ಇಡಿ, ನಾನು ಕಲ್ತುಕೊಳ್ತೀನಿ. ಆದ್ರೆ ಒಂದ್ಸಲ ಇಟ್ಟ ಮೇಲೆ ಇನ್ನು ಯಾರೂ ಸರಿಸಬೇಡಿ. ಇನ್ನೊಂದ್ಸಲ ಕಲಿಯೋಕೆ ನನ್ನ ಕೈಲಾಗಲ್ಲ."

ಈ ಕೋಣೆಗಳ ಕರಾರು ಒಂದೇ ವರ್ಷದ್ದು. ಮುಂದಿನ ವರ್ಷ ಇಸ್ತ್ರಿ ಅಂಗಡಿಯವರು ಹಿಂದಕ್ಕೆ ವಿಸ್ತರಿಸುತ್ತಾರಂತೆ. ಕಾಗದಕ್ಕೆ ಸಹಿ ಹಾಕುವಾಗ ಅಲಂಕಾರದಮ್ಮ ನನ್ನ ಪಕ್ಕದಲ್ಲೇ ಇದ್ದರು, ಅವರಿಗೂ ಗೊತ್ತು. ಅವರು ತಲೆಯೆತ್ತಿ ನನ್ನ ಮುಖ ನೋಡಿದರು. ನಾನು ಹೇಳಬೇಡಿ ಎಂದು ತಲೆಯಾಡಿಸಿದೆ.

"ಆಯ್ತು ಸಾರ್, ಸರಿಸಲ್ಲ" ಎಂದರು ಆಕೆ. ಇಬ್ಬರೂ ಸೇರಿ ಕಪಾಟನ್ನು ಗೋಡೆಗೆ ತಳ್ಳಿದೆವು.

ಅಕ್ಕ